ಕವಿತೆ ಬರೆಯುತ್ತಿದ್ದವರು ಕಥೆಗೆ ಬರಬಾರದಾ? ಕೆನಡಾದ ಲೇಖಕರ ದಾರಿ ಗೊತ್ತಿರುವವರು ಹೇಳಿ

ವಿನ್ನಿಪೆಗ್_ಹೊಸ್ತಿಲು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ವಿನ್ನಿಪೆಗ್‌ನಲ್ಲಿದ್ದೇನೆ. ವಯಸ್ಸಾದವರನ್ನು ನೋಡಿಕೊಳ್ಳುವ ಕಡೆ ಕೆಲಸ. ಹೆಚ್ಚಾಗಿ ರಾತ್ರಿ ಪಾಳಿ. ಇಲ್ಲಿಗೆ ಬಂದು 11 ವರ್ಷ ಆಯಿತು. ಈಗ ನನಗೆ 42. ಕಾಲೇಜಿನ ದಿನಗಳಿಂದ ಕನ್ನಡದಲ್ಲಿ ಕವಿತೆ ಬರೆಯುತ್ತಿದ್ದೇನೆ. ಬೇರೆ ಏನನ್ನೂ ಬರೆದವಳಲ್ಲ.

ಕಳೆದ ಚಳಿಗಾಲದಿಂದ ಒಂದು ಚಿತ್ರ ಕಾಡುತ್ತಿದೆ. ಒಬ್ಬ ಅಜ್ಜಿ. ರಾತ್ರಿ ಮೂರು ಗಂಟೆಗೆ ಎದ್ದು ಕೂರುತ್ತಾರೆ. ಯಾರೋ ಬರುತ್ತಾರೆ ಅಂತ ಹೊದಿಕೆ ಮಡಚಿ ಇಡುತ್ತಾರೆ. ಮತ್ತೆ ಬಿಚ್ಚುತ್ತಾರೆ, ಮತ್ತೆ ಮಡಚುತ್ತಾರೆ. ಇದನ್ನು ಕವಿತೆ ಮಾಡಲು ನಾಲ್ಕು ಸಲ ಕೂತೆ. ಆಗಲಿಲ್ಲ. ಆ ಅಜ್ಜಿ ಮಾತಾಡಬೇಕು, ಕಾರಿಡಾರಿಗೆ ಬರಬೇಕು, ಮಗನಿಗೆ ಫೋನ್ ಮಾಡಬೇಕು. ಕವಿತೆಯಲ್ಲಿ ಅಷ್ಟು ಜಾಗ ಸಿಗುತ್ತಿಲ್ಲ. ಇದು ಕಥೆಯಾಗಿಯೇ ಬರಬೇಕು ಅನಿಸುತ್ತಿದೆ.

ಒಂದು ಆನ್‌ಲೈನ್ ಬರವಣಿಗೆ ತರಗತಿಗೆ ಸೇರಿದ್ದೆ. ಅಲ್ಲಿ ಹೇಳಿಕೊಡುತ್ತಿದ್ದವರು, ‘ಒಂದನ್ನೇ ಹಿಡಿದುಕೊಳ್ಳಿ, ಈ ವಯಸ್ಸಿನಲ್ಲಿ ಹೊಸದಕ್ಕೆ ಕೈ ಹಾಕಿದರೆ ಎರಡೂ ಕೆಡುತ್ತವೆ’ ಅಂದರು. ಆ ಮಾತು ಎದೆಯಲ್ಲೇ ಕೂತುಬಿಟ್ಟಿತು. ಆಮೇಲೆ ಎರಡು ತಿಂಗಳು ಪೆನ್ನು ಹಿಡಿಯಲಿಲ್ಲ.

ನಾನು ಓದಿರುವ ಕೆನಡಾದ ಪುಸ್ತಕ ಒಂದೇ, ಯಾನ್ ಮಾರ್ಟೆಲ್ ಅವರ ‘ಲೈಫ್ ಆಫ್ ಪೈ’. ಇಷ್ಟು ವರ್ಷ ಈ ದೇಶದಲ್ಲಿದ್ದೂ ಇಲ್ಲಿನವರನ್ನು ಓದಿಲ್ಲ ಅನ್ನುವುದು ನನಗೆ ನೋವಿನ ವಿಷಯ. ಇಲ್ಲಿ ಬೇರೆ ಕೆಲಸ ಮಾಡುತ್ತಾ ಬರೆದವರು ಇದ್ದಾರಾ? ಕವಿತೆಯಿಂದ ಕಥೆಗೆ ಹೋದವರು? ತಡವಾಗಿ ಶುರು ಮಾಡಿದವರು? ಅವರೆಲ್ಲ ಜೀವನಕ್ಕೆ ಏನು ಮಾಡುತ್ತಿದ್ದರು? ದಯವಿಟ್ಟು ಹೇಳಿ.

ಮಾಂಟ್ರಿಯಲ್_ಕಿಟಕಿ ಉತ್ತರ:

ನಮಸ್ಕಾರ ಅಕ್ಕ. ನಿಮ್ಮ ಪ್ರಶ್ನೆ ಓದುತ್ತಿದ್ದ ಹಾಗೆ ನನಗೆ ಕಿಮ್ ಥುಯಿ ನೆನಪಾದರು. ಸೈಗಾನ್‌ನಲ್ಲಿ ಹುಟ್ಟಿದವರು. ಹತ್ತು ವರ್ಷದವರಿದ್ದಾಗ ಮನೆಯವರ ಜೊತೆ ದೋಣಿ ಹತ್ತಿ ದೇಶ ಬಿಟ್ಟರು. ಮಲೇಷ್ಯಾದ ನಿರಾಶ್ರಿತರ ಶಿಬಿರದಲ್ಲಿದ್ದು, ಆಮೇಲೆ ಕ್ವಿಬೆಕ್‌ನ ಗ್ರಾನ್ಬಿ ಅನ್ನುವ ಊರಿಗೆ ಬಂದರು. ಬಟ್ಟೆ ಹೊಲಿದರು, ದುಭಾಷಿ ಆದರು, ವಕೀಲರಾದರು, ಮಾಂಟ್ರಿಯಲ್‌ನಲ್ಲಿ ಹೋಟೆಲ್ ನಡೆಸಿದರು. ಮೊದಲ ಪುಸ್ತಕ ‘ರು’ ಬಂದಿದ್ದು 2009ರಲ್ಲಿ, ನಲವತ್ತು ದಾಟಿದ ಮೇಲೆ. ಮರುವರ್ಷವೇ ಗವರ್ನರ್ ಜನರಲ್ ಪ್ರಶಸ್ತಿ, ಅಂದರೆ ಕೆನಡಾದ ದೊಡ್ಡ ಸಾಹಿತ್ಯ ಪ್ರಶಸ್ತಿ ಸಿಕ್ಕಿತು.

‘ರು’ ಅಂದರೆ ಫ್ರೆಂಚ್‌ನಲ್ಲಿ ಸಣ್ಣ ತೊರೆ. ವಿಯೆಟ್ನಾಮಿ ಭಾಷೆಯಲ್ಲಿ ಜೋಗುಳ. ಪುಸ್ತಕವೂ ಹಾಗೇ ಇದೆ. ಒಂದು ಪುಟ, ಅರ್ಧ ಪುಟದ ತುಣುಕುಗಳು. ಒಂದರ ಕೊನೆಯ ಮಾತು ಮುಂದಿನದನ್ನು ಎಳೆದು ತರುತ್ತದೆ. ಅದನ್ನು ಕವಿತೆ ಅನ್ನಬೇಕೋ ಕಾದಂಬರಿ ಅನ್ನಬೇಕೋ ಅಂತ ನಾನು ಯೋಚಿಸುವುದನ್ನೇ ಬಿಟ್ಟೆ. ಇಂಗ್ಲಿಷ್ ಅನುವಾದ ಸಿಗುತ್ತದೆ. ಪಾಳಿಯ ನಡುವೆ ಹತ್ತು ನಿಮಿಷ ಸಿಕ್ಕರೂ ಓದಬಹುದು. ನಿಮಗೆ ಅದು ತುಂಬಾ ಹತ್ತಿರ ಆಗುತ್ತದೆ ಅಂತ ನನ್ನ ನಂಬಿಕೆ.

ಟೊರಾಂಟೊ_ಕಪಾಟು ಉತ್ತರ:

ನಿಮ್ಮ ಪೋಸ್ಟ್ ಓದಿ ಮನಸ್ಸು ಕಲಕಿತು, ತಂಗಿ. ನಾನು ಟೊರಾಂಟೊದ ಪೂರ್ವ ಭಾಗದ ಒಂದು ಸಾರ್ವಜನಿಕ ಗ್ರಂಥಾಲಯದಲ್ಲಿ 14 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ವಾಪಸು ಬಂದ ಪುಸ್ತಕಗಳನ್ನು ಕಪಾಟಿಗೆ ಸೇರಿಸುವುದು ನನ್ನ ದಿನದ ಕೆಲಸ. ಆ ಅನುಭವದಿಂದ ಹೇಳುತ್ತೇನೆ. ಈ ದೇಶದ ದೊಡ್ಡ ಲೇಖಕರ ಪುಸ್ತಕಗಳು ಒಂದೇ ಕಪಾಟಿನಲ್ಲಿ ನಿಲ್ಲುವುದಿಲ್ಲ. ಒಬ್ಬರದೇ ಹೆಸರು ಕವಿತೆಯಲ್ಲಿ, ಕಾದಂಬರಿಯಲ್ಲಿ, ಪ್ರಬಂಧದಲ್ಲಿ, ಮಕ್ಕಳ ವಿಭಾಗದಲ್ಲಿ ಎಲ್ಲ ಕಡೆ ಸಿಗುತ್ತದೆ. ಒಂದನ್ನೇ ಹಿಡಿದುಕೊಳ್ಳಿ ಅನ್ನುವ ಮಾತು ಇಲ್ಲಿನ ಸಾಹಿತ್ಯಕ್ಕೆ ಹೊಂದುವುದೇ ಇಲ್ಲ.

ನೀವು ವಿನ್ನಿಪೆಗ್‌ನವರು, ಹಾಗಾಗಿ ಮೊದಲು ಕ್ಯಾರೊಲ್ ಶೀಲ್ಡ್ಸ್. ಅಮೆರಿಕದಲ್ಲಿ ಹುಟ್ಟಿ, ಮದುವೆಯಾಗಿ ಕೆನಡಾಕ್ಕೆ ಬಂದವರು. ಐದು ಮಕ್ಕಳ ತಾಯಿ. ಮೊದಲು ಬಂದದ್ದು ಕವಿತೆಯ ಎರಡು ಪುಸ್ತಕ, 1972 ಮತ್ತು 1974ರಲ್ಲಿ. ಮೊದಲ ಕಾದಂಬರಿ 1976ರಲ್ಲಿ. ಆಗ ಅವರಿಗೂ ನಲವತ್ತರ ಹತ್ತಿರ! 1980ರಲ್ಲಿ ನಿಮ್ಮ ಊರಿಗೆ ಬಂದು, ಮ್ಯಾನಿಟೋಬಾ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಾ ಬರೆದರು. 1993ರ ‘ದಿ ಸ್ಟೋನ್ ಡೈರೀಸ್’ಗೆ ಇಲ್ಲಿನ ಗವರ್ನರ್ ಜನರಲ್ ಪ್ರಶಸ್ತಿ, 1995ರಲ್ಲಿ ಅಮೆರಿಕದ ಪುಲಿಟ್ಜರ್ ಎರಡೂ ಬಂದವು.

ಆ ಪುಸ್ತಕವನ್ನು ನೀವು ಓದಲೇಬೇಕು. ಡೈಸಿ ಅನ್ನುವ ಸಾಧಾರಣ ಹೆಂಗಸಿನ ಹುಟ್ಟಿನಿಂದ ಸಾವಿನ ತನಕದ ಕಥೆ ಅದು. ಶುರುವಾಗುವುದು ಮ್ಯಾನಿಟೋಬಾದಲ್ಲಿ. ಅಪ್ಪ ಟಿಂಡಲ್ ಹತ್ತಿರದ ಕಲ್ಲು ಕ್ವಾರಿಯಲ್ಲಿ ಕೆಲಸ ಮಾಡುವವನು. ನಿಮ್ಮ ಊರಿನ ವಿಧಾನಸಭೆ ಕಟ್ಟಡದ ಗೋಡೆಯಲ್ಲಿ ಹಳೇ ಕಡಲ ಜೀವಿಗಳ ಅಚ್ಚು ಕಾಣುತ್ತದಲ್ಲ, ಅದೇ ಟಿಂಡಲ್ ಕಲ್ಲು. ಒಂದು ಮುದುಕಿಯ ಬದುಕಿನಲ್ಲಿ ಎಷ್ಟು ಜಾಗ ಇರುತ್ತದೆ ಅನ್ನುವುದನ್ನು ಆಕೆ ಕಾಗದಗಳು, ಪಟ್ಟಿಗಳು, ಫೋಟೋಗಳು ಎಲ್ಲವನ್ನೂ ಸೇರಿಸಿ ತೋರಿಸಿದ್ದಾರೆ. ಹೊದಿಕೆ ಮಡಚುವ ನಿಮ್ಮ ಅಜ್ಜಿಗೆ ಬೇಕಾದ ಜಾಗ ಅದರಲ್ಲಿ ಕಂಡೀತು.

ಮಾರ್ಗರೆಟ್ ಆಟ್‌ವುಡ್ ಅಂದರೆ ಎಲ್ಲರಿಗೂ ಕಾದಂಬರಿಗಳೇ ಗೊತ್ತು. ಅವರ ಮೊದಲ ಪ್ರಕಟಣೆ 1961ರ ಪುಟ್ಟ ಕವನ ಸಂಕಲನ. ಅಚ್ಚಿನ ಮೊಳೆ ಜೋಡಿಸಿದ್ದೂ ಅವರೇ. 1966ರಲ್ಲಿ ಕವಿತೆಗೆ ಗವರ್ನರ್ ಜನರಲ್ ಪ್ರಶಸ್ತಿ ಬಂತು. ಮೊದಲ ಕಾದಂಬರಿ ಬಂದಿದ್ದು 1969ರಲ್ಲಿ. ಎಡ್ಮಂಟನ್‌ನ ಒಂದು ದೊಡ್ಡ ಅಂಗಡಿಯಲ್ಲಿ, ಗಂಡಸರ ಕಾಲುಚೀಲ ಮಾರುವ ವಿಭಾಗದ ಪಕ್ಕದಲ್ಲಿ ಕೂತು ಅದಕ್ಕೆ ಸಹಿ ಹಾಕಿದ್ದನ್ನು, ಎರಡೇ ಪ್ರತಿ ಮಾರಾಟವಾಗಿದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಮುಂದೆ ಬುಕರ್ ಎರಡು ಸಲ ಬಂತು, 2000 ಮತ್ತು 2019ರಲ್ಲಿ. ವಿಮರ್ಶೆ ಬರೆದರು, ಎಪ್ಪತ್ತು ದಾಟಿದ ಮೇಲೆ ಕಾಮಿಕ್ಸ್ ಕೂಡ ಬರೆದರು. ಕವಿತೆಯನ್ನು ಬಿಡಲಿಲ್ಲ.

ನನಗೆ ಎಲ್ಲರಿಗಿಂತ ಹತ್ತಿರದವರು ಮೈಕಲ್ ಒಂಡಾಟ್ಜೆ. ಕೊಲಂಬೊದಲ್ಲಿ ಹುಟ್ಟಿ, ಇಂಗ್ಲೆಂಡಿನಲ್ಲಿ ಓದಿ, 1962ರಲ್ಲಿ ಇಲ್ಲಿಗೆ ಬಂದವರು. ಅವರೂ ಮೊದಲು ಕವಿ. 1970ರ ಅವರ ಒಂದು ಪುಸ್ತಕದಲ್ಲಿ ಕವಿತೆ, ಗದ್ಯ, ಚಿತ್ರ ಎಲ್ಲ ಬೆರೆತಿವೆ. 1987ರ ‘ಇನ್ ದ ಸ್ಕಿನ್ ಆಫ್ ಎ ಲಯನ್’ ನಮ್ಮ ಟೊರಾಂಟೊವನ್ನು ಕಟ್ಟಿದ ಕೂಲಿಗಳ ಕಾದಂಬರಿ. ಬ್ಲೂರ್ ಸೇತುವೆ, ಸರೋವರದ ದಡದಲ್ಲಿರುವ ಹ್ಯಾರಿಸ್ ನೀರು ಶುದ್ಧೀಕರಣ ಘಟಕ ಅದರಲ್ಲಿ ಬರುತ್ತವೆ. ನಾನು ಆ ಸೇತುವೆ ಮೇಲೆ ಸಾವಿರ ಸಲ ಹೋಗಿದ್ದೆ. ಪುಸ್ತಕ ಓದಿದ ಮೇಲೆ ಮೊದಲ ಸಲ ರೈಲಿನಿಂದ ಇಳಿದು, ನಡೆದು ದಾಟಿದೆ. ಕಟ್ಟಿದವರ ಕೈ ನೆನೆದು ಕಣ್ಣು ತುಂಬಿತು. 1992ರಲ್ಲಿ ‘ದಿ ಇಂಗ್ಲಿಷ್ ಪೇಷೆಂಟ್’ ಬಂದು ಬುಕರ್ ಸಿಕ್ಕಿತು, ಜಗತ್ತೇ ಓದಿತು. ಇಷ್ಟೆಲ್ಲ ಆದ ಮೇಲೆ, 2024ರಲ್ಲಿ, ಎಂಬತ್ತು ದಾಟಿದವರು ಮತ್ತೆ ಕವಿತೆಯ ಪುಸ್ತಕ ತಂದರು. ಹೋದ ದಾರಿಯಲ್ಲೇ ವಾಪಸು ಬರಬಹುದು, ತಂಗಿ. ಯಾರೂ ಬಾಗಿಲು ಹಾಕುವುದಿಲ್ಲ.

ಇನ್ನೊಬ್ಬರು ಸುವನ್‌ಖಾಮ್ ತಮ್ಮವೋಂಗ್ಸ. ಥಾಯ್ಲೆಂಡಿನ ಲಾವೋ ನಿರಾಶ್ರಿತರ ಶಿಬಿರದಲ್ಲಿ ಹುಟ್ಟಿದವರು. ನಾಲ್ಕು ಕವನ ಸಂಕಲನಗಳ ನಂತರ ಕಥೆಗಳ ಪುಸ್ತಕ ತಂದರು. 2020ರಲ್ಲಿ ಅದಕ್ಕೆ ಗಿಲ್ಲರ್ ಪ್ರಶಸ್ತಿ ಬಂತು. ಕಥೆ, ಕಾದಂಬರಿಗಳಿಗೆ ಇಲ್ಲಿ ಕೊಡುವ ದೊಡ್ಡ ಪ್ರಶಸ್ತಿ ಅದು. ಮೊದಲ ಕಥೆಯಲ್ಲಿ ಒಬ್ಬ ಪುಟ್ಟ ಹುಡುಗಿ. ಇಂಗ್ಲಿಷ್‌ನ ‘ನೈಫ್’ ಶುರುವಾಗುವುದು ಕೆ ಅಕ್ಷರದಿಂದ. ಅಪ್ಪ ಬರೆದ ಹಾಗೇ ಓದಿ ಹೇಳಿಕೊಡುತ್ತಾನೆ, ಮಗಳು ತರಗತಿಯಲ್ಲಿ ಹಾಗೇ ಓದುತ್ತಾಳೆ. ಬರೆದಂತೆ ಓದುವ ಭಾಷೆಯಿಂದ ಬಂದ ನಮಗೆ ಆ ಅಪ್ಪ ಎಷ್ಟು ಬೇಗ ಅರ್ಥವಾಗುತ್ತಾನೆ, ಅಲ್ವಾ?

ಹೊಟ್ಟೆಪಾಡಿನ ಬಗ್ಗೆ ಕೇಳಿದ್ದೀರಿ. ರೋಹಿಂಟನ್ ಮಿಸ್ತ್ರಿ 1975ರಲ್ಲಿ ಮುಂಬೈಯಿಂದ ಬಂದು ಟೊರಾಂಟೊದ ಬ್ಯಾಂಕಿನಲ್ಲಿ ವರ್ಷಗಟ್ಟಲೆ ಗುಮಾಸ್ತರಾಗಿದ್ದರು. ಮೂವತ್ತು ದಾಟಿದ ಮೇಲೆ ಕಥೆ ಶುರು ಮಾಡಿದರು. ಅವರ ಮೂರು ಕಾದಂಬರಿಗಳೂ ಬುಕರ್ ಕೊನೆಯ ಸುತ್ತಿಗೆ ಹೋದವು. ಎಂ. ಜಿ. ವಾಸನ್‌ಜಿ ಓದಿದ್ದು ಪರಮಾಣು ಭೌತಶಾಸ್ತ್ರ. 1994ರಲ್ಲಿ ಮೊಟ್ಟಮೊದಲ ಗಿಲ್ಲರ್ ಅವರದ್ದು. ವಿನ್ಸೆಂಟ್ ಲ್ಯಾಮ್ ತುರ್ತು ಚಿಕಿತ್ಸೆಯ ಡಾಕ್ಟರು. ಹಡಗಿನ ವೈದ್ಯರಾಗಿ ಆರ್ಕ್‌ಟಿಕ್ ಕಡೆ ಹೋದಾಗ ಅದೇ ಹಡಗಿನಲ್ಲಿ ಆಟ್‌ವುಡ್ ಇದ್ದರು. ನನ್ನ ಕಥೆ ಓದುತ್ತೀರಾ ಅಂತ ಧೈರ್ಯ ಮಾಡಿ ಕೇಳಿದರು. ಅವರು ಓದಿದರು. 2006ರ ಗಿಲ್ಲರ್ ಆ ಕಥೆಗಳಿಗೆ ಸಿಕ್ಕಿತು. ಆರೈಕೆ ಕೆಲಸ ಮಾಡುವವರಿಗೆ ಕಥೆ ಎಲ್ಲಿಂದ ಬರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ನಮ್ಮ ಗ್ರಂಥಾಲಯದ ಒಂದು ಸಂಗತಿಯನ್ನೂ ಹೇಳಿಬಿಡುತ್ತೇನೆ. ಸಾರ್ವಜನಿಕ ಗ್ರಂಥಾಲಯದಲ್ಲಿ ತಮ್ಮ ಪುಸ್ತಕ ಇದ್ದರೆ ಲೇಖಕರಿಗೆ ವರ್ಷಕ್ಕೊಮ್ಮೆ ಹಣ ಬರುವ ಯೋಜನೆ ಇಲ್ಲಿ 1986ರಿಂದ ಇದೆ. ಕಲೆ, ಸಾಹಿತ್ಯಕ್ಕೆ ನೆರವು ಕೊಡುವ ಸರ್ಕಾರಿ ಸಂಸ್ಥೆ ಕೆನಡಾ ಕೌನ್ಸಿಲ್ ಇದನ್ನು ನಡೆಸುತ್ತದೆ. ಎಷ್ಟು ಜನ ಎರವಲು ಪಡೆದರು ಅಂತ ಲೆಕ್ಕ ಹಾಕುವುದಿಲ್ಲ, ಪುಸ್ತಕ ಅಲ್ಲಿದೆಯಾ ಅಂತ ಮಾತ್ರ ನೋಡುತ್ತಾರೆ. ಅದರಿಂದ ಸಂಸಾರ ನಡೆಯುವುದಿಲ್ಲ. ಆದರೂ ಯಾರೂ ಮುಟ್ಟದ ಪುಸ್ತಕವನ್ನು ಧೂಳು ಒರೆಸಿ ಇಡುವಾಗ, ಇದು ಬರೆದವರಿಗೆ ಸ್ವಲ್ಪ ಕಾಸು ತಲುಪಿಸುತ್ತದೆ ಅಂತ ನನಗೆ ಸಂತೋಷ ಆಗುತ್ತದೆ.

ಹ್ಯಾಲಿಫ್ಯಾಕ್ಸ್_ಅಲೆ ಉತ್ತರ:

ಮೇಲಿನವರ ಮಾತನ್ನು ಗೌರವಿಸುತ್ತೇನೆ, ಆದರೆ ಅರ್ಧ ಒಪ್ಪುತ್ತೇನೆ. ಒಂದನ್ನೇ ಹಿಡಿದು ಬೆಳೆದವರೂ ಈ ದೇಶದಲ್ಲಿದ್ದಾರೆ. ಆಲಿಸ್ ಮನ್ರೋ ಮೊದಲ ಪುಸ್ತಕ ತಂದದ್ದು 1968ರಲ್ಲಿ, 37ನೇ ವಯಸ್ಸಿನಲ್ಲಿ. ಮಕ್ಕಳನ್ನು ಸಾಕುತ್ತಾ, ಗಂಡನ ಜೊತೆ ವಿಕ್ಟೋರಿಯಾದಲ್ಲಿ ಪುಸ್ತಕದಂಗಡಿ ನಡೆಸುತ್ತಾ ಬರೆದರು. ಕೊನೆತನಕ ಸಣ್ಣ ಕಥೆಗೇ ಅಂಟಿಕೊಂಡರು. 2013ರಲ್ಲಿ ನೊಬೆಲ್ ಬಂತು. ಇಷ್ಟು ಹೇಳಿ ಸುಮ್ಮನಾದರೆ ಪ್ರಾಮಾಣಿಕ ಆಗುವುದಿಲ್ಲ. ಅವರು ತೀರಿಕೊಂಡ ಮೇಲೆ, 2024ರ ಜುಲೈನಲ್ಲಿ, ಮಲತಂದೆಯಿಂದ ಬಾಲ್ಯದಲ್ಲಿ ತನಗಾದ ದೌರ್ಜನ್ಯವನ್ನು, ಗೊತ್ತಾದ ಮೇಲೂ ತಾಯಿ ಅವನ ಜೊತೆಗೇ ಉಳಿದದ್ದನ್ನು ಅವರ ಮಗಳು ಬರೆದರು. ಅದನ್ನು ಓದಿದ ಮೇಲೆ ಮನ್ರೋ ಕಥೆಗಳನ್ನು ನಾನು ಮೊದಲಿನ ಹಾಗೆ ಓದಲಾರೆ. ನೀವೂ ಇದು ತಿಳಿದೇ ಓದಿ.

ನನ್ನ ಸಲಹೆ ಅಲಿಸ್ಟರ್ ಮೆಕ್‌ಲೌಡ್. ಪೂರ್ವ ಕರಾವಳಿಯ ಕೇಪ್ ಬ್ರೆಟನ್ ದ್ವೀಪದಲ್ಲಿ ಬೆಳೆದವರು. ಗಣಿಯಲ್ಲಿ, ಮರ ಕಡಿಯುವ ಕಡೆ ದುಡಿದು, ಓದಿ, ವಿಂಡ್ಸರ್ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರಾದರು. 1976ರಲ್ಲಿ ಒಂದು ಕಥಾಸಂಕಲನ, 1986ರಲ್ಲಿ ಇನ್ನೊಂದು. ಒಂದೇ ಒಂದು ಕಾದಂಬರಿ, 1999ರಲ್ಲಿ. ಆಗ ಅವರಿಗೆ 63. ಅವಸರವೇ ಇಲ್ಲ. ಅವರ ಒಂದು ಅಭ್ಯಾಸ ನಿಮಗೆ ಉಪಯೋಗಕ್ಕೆ ಬರಬಹುದು. ಕಥೆ ಅರ್ಧಕ್ಕೆ ಬಂದಾಗಲೇ ಕೊನೆಯ ವಾಕ್ಯ ಬರೆದಿಟ್ಟುಕೊಳ್ಳುತ್ತಿದ್ದರಂತೆ. ಆಮೇಲೆ ಅದರ ಕಡೆಗೆ ನಡೆಯುವುದು.

ವಿನ್ನಿಪೆಗ್_ಹೊಸ್ತಿಲು ಮತ್ತೆ ಬರೆದದ್ದು:

ಎಲ್ಲರಿಗೂ ತುಂಬು ಮನಸ್ಸಿನ ಧನ್ಯವಾದ. ಟೊರಾಂಟೊ ಅಣ್ಣ, ನೀವು ಬರೆದದ್ದನ್ನು ಮೂರು ಸಲ ಓದಿದೆ. ಇಲ್ಲಿ ಕಿಂಗ್ಸ್ ಪಾರ್ಕ್‌ನಲ್ಲಿ ಒಂದು ಸುತ್ತುದಾರಿ ಇದೆ. ಬಳಸಿ ಬಳಸಿ ನಡುವಿಗೆ ಹೋಗಿ ಮತ್ತೆ ಹಾಗೇ ಹೊರಗೆ ಬರಬೇಕು. ಎಷ್ಟೋ ಸಲ ಅಲ್ಲಿ ಸುಮ್ನೆ ನಡೆದಿದ್ದೇನೆ. ಅದನ್ನು ಕ್ಯಾರೊಲ್ ಶೀಲ್ಡ್ಸ್ ನೆನಪಿಗೆ ಮಾಡಿದ್ದು ಅಂತ ನಿನ್ನೆ ಫಲಕ ಓದಿದಾಗಲೇ ಗೊತ್ತಾಯಿತು. ಪಾಳಿ ಮುಗಿಸಿ ಬೆಳಿಗ್ಗೆ ಎಂಟಕ್ಕೆ ಹೋಗಿದ್ದೆ. ಯಾರೂ ಇರಲಿಲ್ಲ. ‘ದಿ ಸ್ಟೋನ್ ಡೈರೀಸ್’ ಚೀಲದಲ್ಲಿತ್ತು.

ಮನೆಗೆ ಬಂದು ಮಲಗಲಿಲ್ಲ. ಎರಡು ಪುಟ ಬರೆದೆ. ಅಜ್ಜಿ ಕಾರಿಡಾರಿನ ತನಕ ಬಂದಿದ್ದಾರೆ, ಕೈಯಲ್ಲಿ ಹೊದಿಕೆ ಇದೆ. ಹ್ಯಾಲಿಫ್ಯಾಕ್ಸ್‌ನವರು ಹೇಳಿದ ಹಾಗೆ ಕೊನೆಯ ವಾಕ್ಯವನ್ನೂ ಬರೆದಿಟ್ಟೆ. ಅದರಲ್ಲಿ ಹೊದಿಕೆ ಇಲ್ಲ. ಹೊರಗಿನ ಬಾಗಿಲು ತೆರೆದ ಸದ್ದು ಮಾತ್ರ ಇದೆ. ಬಂದವರು ಯಾರು ಅಂತ ನನಗೇ ಇನ್ನೂ ಗೊತ್ತಿಲ್ಲ. ಗುರುವಾರ, ಶುಕ್ರವಾರ ರಜೆ ಇದೆ. ನಡುವಿನದ್ದು ಆಗ ಬರೆಯುತ್ತೇನೆ.