ಹೆಲ್ಸಿಂಕಿಯಲ್ಲಿ ಹಳೇ ಅರಾಬಿಯಾ, ಮರಿಮೆಕ್ಕೊ, ಆಲ್ಟೊ ಸ್ಟೂಲ್: ಎಲ್ಲಿ ಹುಡುಕೋದು, ಏನು ನೋಡಿ ಕೊಳ್ಳೋದು?

ಬರ್ಚ್‌ಬಾಗಿಲು:
ಹೆಲ್ಸಿಂಕಿಯಲ್ಲಿ ಮನೆ ಹೂಡುವುದಿದೆ. ದಿನಬಳಕೆಗೆ ಅರಾಬಿಯಾ ಕಂಪನಿಯ ತಟ್ಟೆ-ಬಟ್ಟಲು, ವಾಸ್ತುಶಿಲ್ಪಿ ಆಲ್ವಾರ್ ಆಲ್ಟೊ ವಿನ್ಯಾಸದ ಒಂದು ಸ್ಟೂಲ್, ಪರದೆಗೆ ಮರಿಮೆಕ್ಕೊ ಕಂಪನಿಯ ಬಟ್ಟೆ, ಇಷ್ಟನ್ನು ಸೆಕೆಂಡ್ ಹ್ಯಾಂಡ್‌ನಲ್ಲೇ ನೋಡಬೇಕು. ಆನ್‌ಲೈನ್‌ನಲ್ಲಿ ಒಬ್ಬರು ಮರಿಮೆಕ್ಕೊದ ಉನಿಕ್ಕೊ (ದೊಡ್ಡ ಗಸಗಸೆ ಹೂವಿನ ವಿನ್ಯಾಸ) ಬಟ್ಟೆಯ ಅಂಚಲ್ಲಿ 1964 ಅಂತ ಇರುವುದನ್ನು ತೋರಿಸಿ, ಅರವತ್ತರ ದಶಕದ ಮಾಲು ಅಂತ ಭಾರಿ ಬೆಲೆ ಹೇಳ್ತಿದ್ದಾರೆ. ನಂಬಬಹುದಾ? ತಟ್ಟೆಯ ತಳದಲ್ಲಿ ಕಿರೀಟದ ಮುದ್ರೆ ಇದ್ದರೆ ಹಳೇದು ಅಂತಲೇ ಅರ್ಥವಾ? ಜೊತೆಗೆ ನಿಜವಾಗಿ ಅಲ್ಲೇ ತಯಾರಾದ ಹೊಸ ವಸ್ತು ಒಂದೆರಡು ಬೇಕು.

ತಳದಮುದ್ರೆ:
ನಂಬಬೇಡಿ. ಅಂಚಲ್ಲಿರುವುದು ವಿನ್ಯಾಸ ಹುಟ್ಟಿದ ಇಸವಿ. ವಿನ್ಯಾಸಕಿ ಮೈಯಾ ಇಸೊಲಾ ಉನಿಕ್ಕೊ ಬಿಡಿಸಿದ್ದು 1964ರಲ್ಲಿ. ನಿನ್ನೆ ಅಚ್ಚಾದ ಬಟ್ಟೆಯಲ್ಲೂ ಅದೇ ಇಸವಿ ಇರುತ್ತೆ. ವಯಸ್ಸು ತಿಳಿಯಬೇಕಾದರೆ ಬಟ್ಟೆಯನ್ನೇ ಕೇಳಬೇಕು. ಪರದೆಯಾಗಿ ನೇತಾಡಿದ್ದ ಹತ್ತಿಬಟ್ಟೆಯಲ್ಲಿ ಮಡಿಕೆ ಬಿದ್ದ ಕಡೆ ಉದ್ದುದ್ದ ಬಣ್ಣ ಮಾಸಿರುತ್ತೆ. ಎರಡೂ ಹೆಬ್ಬೆರಳಿನ ನಡುವೆ ಒಂದಿಂಚು ಹಿಡಿದು, ಉದ್ದಕ್ಕೂ ಅಡ್ಡಕ್ಕೂ ಮೆಲ್ಲಗೆ ಎಳೆದು ನೋಡಿ. ಚರಚರ ಅಂದರೆ ಬಿಸಿಲಿಗೆ ನೂಲು ಸತ್ತಿದೆ, ಮೊದಲ ಒಗೆತಕ್ಕೇ ಹರಿಯುತ್ತೆ. ಬಣ್ಣ ಎಷ್ಟೇ ಚೆನ್ನಾಗಿದ್ದರೂ ಅಲ್ಲೇ ಬಿಟ್ಟು ಬನ್ನಿ.

ಗಾಜಿನಲ್ಲೂ ಇದೇ ಗೊಂದಲ. ಇಟ್ಟಾಲ ಗಾಜಿನ ಕಂಪನಿಯ ಕೆಂಪು ‘ಐ’ ಚೀಟಿ ವಿನ್ಯಾಸಕ ಟಿಮೊ ಸರ್ಪನೇವಾ 1956ರಲ್ಲಿ ಮಾಡಿದ್ದು, 2024ರಲ್ಲಿ ಲಾಂಛನ ಬದಲಾಗುವವರೆಗೂ ಹೊಸ ಲೋಟದ ಮೇಲೂ ಅಂಟಿರುತ್ತಿತ್ತು. ಚೀಟಿ ಇದ್ದರೆ ತೀರಾ ಹಳೇದಲ್ಲದಿರುವ ಸಾಧ್ಯತೆಯೇ ಹೆಚ್ಚು ಅನ್ನಿ, ಬಳಸಿದ ಮನೆಯಲ್ಲಿ ಅದು ಉಳಿಯೋದು ಕಡಿಮೆ.

ಅರಾಬಿಯಾದ ಕಿರೀಟದ ಮುದ್ರೆ ಒಂದೇ ಅಲ್ಲ, ಹಲವು ಸಲ ಬದಲಾಗಿದೆ. ಹಾಗಾಗಿ ಕಿರೀಟ ಕಂಡ ಕೂಡಲೇ ಐವತ್ತರ ದಶಕ ಅನ್ನಬೇಡಿ. ದಿನಬಳಕೆಗೆ ಮುದ್ರೆಗಿಂತ ಮಣ್ಣು ಮುಖ್ಯ. ವಿನ್ಯಾಸಕ ಕಾಯ್ ಫ್ರಾಂಕ್ ಅವರ ಕಿಲ್ತಾ ಅನ್ನುವ ತಟ್ಟೆ-ಬಟ್ಟಲು ಸಾಲು 1953ರಿಂದ ಮಾರಾಟಕ್ಕೆ ಬಂತು. ಕಡಿಮೆ ಶಾಖದಲ್ಲಿ ಸುಟ್ಟ ಹಗುರ ಮಣ್ಣು ಅದು. ಮೆರುಗಿನಲ್ಲಿ ಕೂದಲೆಳೆ ಬಿರುಕು ಬಿದ್ದರೆ ಚಹಾ, ಎಣ್ಣೆ ಒಳಗೆ ಇಳಿದು ಕಂದುಗಟ್ಟುತ್ತೆ. 1981ರಲ್ಲಿ ಅದೇ ರೂಪಕ್ಕೆ ಗಟ್ಟಿ ಮಣ್ಣು ಹಾಕಿ ತೇಮಾ ತಂದರು. ಓವನ್, ಪಾತ್ರೆ ತೊಳೆಯುವ ಯಂತ್ರ ಎರಡನ್ನೂ ತೇಮಾ ತಡೆಯುತ್ತೆ. ಊಟಕ್ಕೆ ತೇಮಾ, ಕಪಾಟಿಗೆ ಕಿಲ್ತಾ, ಅಷ್ಟೇ.

ಪರೀಕ್ಷೆ: ತಟ್ಟೆಯನ್ನು ಬೆರಳ ತುದಿಯಲ್ಲಿ ನಿಲ್ಲಿಸಿ ಉಗುರಿನಿಂದ ತಟ್ಟಿ. ಟಣ್ ಅಂದರೆ ಸರಿ, ಟಪ್ ಅಂದರೆ ಕಾಣದ ಬಿರುಕಿದೆ. ಅಂಚಿನ ಸುತ್ತ ಉಗುರು ಓಡಿಸಿ, ಕಣ್ಣಿಗೆ ಕಾಣದ ಚಕ್ಕೆ ಸಿಗುತ್ತೆ. ಚಾಕುವಿನ ಬೂದು ಗೆರೆ ಉಜ್ಜಿದರೆ ಹೋಗುತ್ತೆ, ಅದಕ್ಕೆ ಹೆದರಬೇಡಿ. ಗಾಜಿನ ಮಂಜು ಬೇರೆ: ಸುಣ್ಣದ್ದಾದರೆ ವಿನೆಗರ್‌ಗೆ ಬಿಡುತ್ತೆ, ಯಂತ್ರದಲ್ಲಿ ತೊಳೆದು ಸವೆದದ್ದಾದರೆ ಜನ್ಮದಲ್ಲಿ ಬಿಡಲ್ಲ. ಸಂಗ್ರಹಕಾರರು ಮುಗಿಬೀಳುವ ಮೂಮಿನ್ ಕಾರ್ಟೂನ್ ಕಪ್ಪಿನ ಬಗ್ಗೆ ಕೇಳಬೇಡಿ, ಅದು ಪಾತ್ರೆಯಲ್ಲ, ಶೇರು ಮಾರುಕಟ್ಟೆ.

ಮೂರುಕಾಲು:
ನೀವು ಕೇಳಿದ ಆಲ್ಟೊ ಸ್ಟೂಲ್, ಅಂದರೆ ಮೂರು ಕಾಲಿನ ಸ್ಟೂಲ್ 60ರ ಬಗ್ಗೆ ನಾನು ಹೇಳ್ತೀನಿ. ಆಲ್ಟೊ ಇದನ್ನು ಮಾಡಿದ್ದು 1933ರಲ್ಲಿ. ಅದನ್ನು ಮಾರುವ ಆರ್ಟೆಕ್ ಕಂಪನಿ ಶುರುವಾಗಿದ್ದು 1935ರಲ್ಲಿ. ಕಾಲು ಒಂದೇ ತುಂಡು ಗಟ್ಟಿ ಬರ್ಚ್ ಮರ. ಬಾಗಬೇಕಾದ ತುದಿಯಲ್ಲಿ ಮಾತ್ರ ಗರಗಸದ ಸೀಳು ಹಾಕಿ, ಅದರೊಳಗೆ ತೆಳು ಪದರ ಅಂಟಿಸಿ ಬಗ್ಗಿಸುತ್ತಾರೆ. ಹಾಗಾಗಿ ಪಕ್ಕದಿಂದ ನೋಡಿದರೆ ಬಾಗಿನಲ್ಲಿ ಪದರದ ಗೆರೆ ಕಾಣುತ್ತೆ, ಕೆಳಗೆ ಬರುತ್ತಾ ನಿಂತುಹೋಗುತ್ತೆ. ಮೇಲಿಂದ ನೆಲದವರೆಗೂ ಪದರವೇ ಇದ್ದರೆ ಅದು ಬಗ್ಗಿಸಿದ ಪ್ಲೈವುಡ್. ಐಕಿಯಾದ ಹಳೇ ಫ್ರೋಸ್ತಾ ಹಾಗೆ ಇರುತ್ತೆ. ಕಾಲು ಎಣಿಸಿ ತೀರ್ಮಾನಿಸಬೇಡಿ, ನಾಲ್ಕು ಕಾಲಿನ ಅಸಲಿಯೂ ಇದೆ, ಇ60 ಅಂತ.

ಟೇಪ್ ಹಿಡಿದು ಹೋಗಿ. ಎತ್ತರ 44 ಸೆಂ.ಮೀ. ಇರಬೇಕು, ಕಡಿಮೆ ಇದ್ದರೆ ಮಕ್ಕಳಿಗೆ ಅಂತ ಯಾರೋ ಕಾಲು ಕತ್ತರಿಸಿರಬಹುದು. ತಿರುಗಿಸಿ ಸ್ಕ್ರೂ ಅಲ್ಲಾಡಿಸಿ. ರಂಧ್ರ ಸಡಿಲವಾಗಿದ್ದರೆ ಉದ್ದ ಸ್ಕ್ರೂ ತುರುಕಬೇಡಿ, ಮೇಲಿನ ಮೈ ತೂತಾಗುತ್ತೆ. ಬರ್ಚ್ ಕಡ್ಡಿಗೆ ಮರದ ಅಂಟು ಹಚ್ಚಿ ರಂಧ್ರ ತುಂಬಿ, ಒಂದು ದಿನ ಒಣಗಿಸಿ, ಹೊಸದಾಗಿ ಕೊರೆಯಿರಿ. ಒಂದರ ಮೇಲೊಂದು ಪೇರಿಸಿ ಬಿದ್ದ ಉಜ್ಜುಗೆರೆ ದೋಷವಲ್ಲ. ಜೇನುಬಣ್ಣಕ್ಕೆ ತಿರುಗಿದ್ದನ್ನು ಮರಳು ಕಾಗದ ಹಾಕಿ ಬೆಳ್ಳಗೆ ಮಾಡಿದವರಿಗೆ ಏನು ಹೇಳೋದೋ! ಇಷ್ಟೆಲ್ಲಾ ಬೇಡ ಅನ್ನೋರಿಗೆ ಆರ್ಟೆಕ್‌ನದೇ ಹಳೇ ಸಾಮಾನಿನ ಅಂಗಡಿ ‘ಸೆಕೆಂಡ್ ಸೈಕಲ್’ ಇದೆ. ಬೆಲೆ ಜಾಸ್ತಿ, ಅನುಮಾನ ಕಡಿಮೆ.

ಸಂತೆಚೀಲ:
ಜಾಗಗಳ ವಿಷಯ. ಕಿರ್ಪ್ಪುತೋರಿ ಅಂದರೆ ಹಳೇ ಸಾಮಾನಿನ ಸಂತೆ, ಆದರೆ ಎರಡು ಬಗೆ. ಒಳಾಂಗಣದ ಸ್ವಸೇವೆ ಅಂಗಡಿಯಲ್ಲಿ ಮಾರುವವರು ಮೇಜು ಬಾಡಿಗೆಗೆ ಹಿಡಿದು, ಬೆಲೆ ಅಂಟಿಸಿ ಹೋಗಿರುತ್ತಾರೆ, ನೀವು ಕೌಂಟರ್‌ನಲ್ಲಿ ಕೊಡುತ್ತೀರಿ. ಅಲ್ಲಿ ಚೌಕಾಸಿ ನಡೆಯಲ್ಲ, ಮಾರುವವರೇ ಎದುರಿಗೆ ಇರಲ್ಲವಲ್ಲ. ಹಿಯೆತಲಹ್ತಿ ಚೌಕದಂಥ ಬಯಲು ಸಂತೆಯಲ್ಲಿ ಒಂದು ಸಲ ಮೆತ್ತಗೆ ಕೇಳಬಹುದು, ಎರಡನೇ ಸಲ ಬೇಡ. ಅದು ಬೇಸಿಗೆಯ ಆಟ. ಚಳಿಗಾಲಕ್ಕೆ ವಲ್ಲಿಲಾ ಕಡೆಯ ವಾಲ್ತೆರಿಯಂಥ ಸೂರಿನಡಿಯ ಸಂತೆ. ಮೇ ಮತ್ತು ಆಗಸ್ಟ್‌ನಲ್ಲಿ ಬರುವ ಸೀವೋಸ್‌ಪೈವಾ ದಿನ ಜನ ಮನೆಮುಂದೆ, ಪಾರ್ಕುಗಳಲ್ಲಿ ಸಾಮಾನು ಹರಡುತ್ತಾರೆ; ಬೆಳಿಗ್ಗೆ ಒಳ್ಳೇ ಮಾಲು, ಸಂಜೆ ಅಗ್ಗದ ಮಾಲು.

ಪೀಠೋಪಕರಣಕ್ಕೆ ಕ್ಯೂಲಾಸಾರಿಯಲ್ಲಿರುವ ಮರುಬಳಕೆ ಕೇಂದ್ರ ನೋಡಿ, ಅಲ್ಲಿ ಪುಕ್ಕಟೆ ಸಾಮಾನಿನ ಮೂಲೆಯೂ ಇದೆ.

ಬರ್ಚ್‌ಬಾಗಿಲು:
ದುಡ್ಡು ಕೊಡೋದು ಹೇಗೆ? ಎಲ್ಲ ಕಡೆ ಕಾರ್ಡ್ ನಡೆಯುತ್ತಾ? ತಿಗಣೆ ಭಯವೂ ಇದೆ.

ಸಂತೆಚೀಲ:
ಅಂಗಡಿಯಲ್ಲಿ ಕಾರ್ಡ್ ಸಾಕು. ಬಯಲಲ್ಲಿ ಹೆಚ್ಚಿನವರು ಮೊಬೈಲ್‌ಪೇ ಆ್ಯಪ್ ಕೇಳುತ್ತಾರೆ; ಸ್ಥಳೀಯ ಖಾತೆ ಆಗುವವರೆಗೆ ಅದು ನಿಮ್ಮ ಕೈಗೆ ಸಿಗಲ್ಲ. ಕಿತ್ತಳೆ ಬಣ್ಣದ ಒಟ್ಟೊ ಯಂತ್ರದಿಂದ ನಗದು ತೆಗೆದು, 5 ಮತ್ತು 10 ಯೂರೊ ನೋಟು ಮಾಡಿಸಿಕೊಂಡು ಹೋಗಿ.

ಮೆತ್ತೆ ಇರುವ ಪೀಠೋಪಕರಣ ಬೇಡವೇ ಬೇಡ. ಬೇಕೇ ಬೇಕಂದರೆ ಹೊಲಿಗೆ ಬಿಡಿಸಿ ನೋಡಿ, ಕಪ್ಪು ಚುಕ್ಕೆ ಇದ್ದರೆ ವಾಪಸ್. ಹತ್ತಿಬಟ್ಟೆ 60 ಡಿಗ್ರಿಯಲ್ಲಿ ಒಗೆಯಿರಿ. ಉಣ್ಣೆಯನ್ನು ಚೀಲದಲ್ಲಿ ಬಿಗಿದು, ಮೈನಸ್ 18ರ ಫ್ರೀಜರ್‌ನಲ್ಲಿ ಒಂದು ವಾರ ಇಡಿ.

ತಳದಮುದ್ರೆ:
ಹೊಸದರ ಮಾತು ಉಳಿಯಿತು. ನೀಲಿ-ಬಿಳಿ ಕೀಲಿ ಬಾವುಟದ ಗುರುತು, ಅವಾಯಿನ್‌ಲಿಪ್ಪು, ಇದ್ದರೆ ವಸ್ತು ಫಿನ್ಲೆಂಡ್‌ನಲ್ಲೇ ತಯಾರಾಗಿದೆ, ಮೌಲ್ಯದ ಕನಿಷ್ಠ ಅರ್ಧ ಅಲ್ಲಿಯದು. ‘ಡಿಸೈನ್ ಫ್ರಂ ಫಿನ್ಲೆಂಡ್’ ಗುರುತು ಬೇರೆ, ಅದು ವಿನ್ಯಾಸಕ್ಕೆ ಮಾತ್ರ. ಅರಾಬಿಯಾದ ಹೆಲ್ಸಿಂಕಿ ಕಾರ್ಖಾನೆ 2016ರಲ್ಲೇ ನಿಂತಿತು, ಹೊಸ ತಟ್ಟೆ ಬೇರೆ ದೇಶದ್ದು. ಮರಿಮೆಕ್ಕೊ ಇನ್ನೂ ಹೆರ್ತೊನಿಯೆಮಿಯಲ್ಲಿ ಬಟ್ಟೆ ಅಚ್ಚು ಹಾಕುತ್ತೆ, ಆದರೆ ಉಡುಪಿನ ಹೊಲಿಗೆ ಹೆಚ್ಚಾಗಿ ಹೊರಗೆ. ಆದ್ದರಿಂದ ಉಡುಪಿಗಿಂತ ಮೀಟರ್ ಲೆಕ್ಕದ ಬಟ್ಟೆ ಕೊಂಡು ಪರದೆ ನೀವೇ ಹೊಲಿಸಿ. ಆಲ್ಟೊ ಹೂದಾನಿ ಈಗಲೂ ಇಟ್ಟಾಲ ಊರಲ್ಲೇ ಊದುತ್ತಾರೆ.