ಮರು: ಪಿಕಪ್ ಟ್ರಕ್ಕಿಗೆ ಹೊರಗಿನಿಂದ ಕೂರಿಸುವ ಸೂಪರ್‌ಚಾರ್ಜರ್‌ಗೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೇ,

ಪೆಟ್ರೋಲ್ ಪಿಕಪ್ ಟ್ರಕ್ಕಿಗೆ ಸೂಪರ್‌ಚಾರ್ಜರ್ (ಇಂಜಿನ್ನಿಗೆ ಹೆಚ್ಚಿನ ಗಾಳಿಯನ್ನು ಒತ್ತಿ ತುಂಬುವ ಯಂತ್ರ) ಅಳವಡಿಸುವ ಅಮೆರಿಕದ ಕೈಪಿಡಿಯೊಂದನ್ನು ಬೆಂಗಳೂರಿನ ಮೆಕ್ಯಾನಿಕ್ ತರಬೇತಿಗಾಗಿ ಕನ್ನಡಕ್ಕೆ ತರುತ್ತಿರುವವರು, ಸೋಮವಾರ ಅದು ಅಚ್ಚಿಗೆ ಹೋಗಬೇಕೆಂದು ಬರೆದಿದ್ದಾರೆ. ಆದ್ದರಿಂದ ಮೊದಲು ಉತ್ತರ, ಆಮೇಲೆ ಕಾರಣ. ಬಿಡಿಭಾಗದ ಹೆಸರು ಬರುವ ಕಡೆಯಲ್ಲೆಲ್ಲ ‘ಸೂಪರ್‌ಚಾರ್ಜರ್’ ಎಂದೇ ಇರಲಿ. ಅದು ಮಾಡುವ ಕೆಲಸವನ್ನು ವಿವರಿಸುವ ಕಡೆ ‘ಬೆಲ್ಟು ತಿದಿ’ ಎಂದು ಬರೆಯಿರಿ; ತಿದಿ ಎಂದರೆ ಕುಲುಮೆಯ ಬೆಂಕಿಗೆ ಗಾಳಿಯೂದುವ ಚರ್ಮದ ಚೀಲ.

ನಿನ್ನೆ ಇಲ್ಲಿ ಸೂಚಿತವಾದ ‘ಅಧಿಪೂರಕ’ ನಡೆಯುವುದಿಲ್ಲ. ಇಂಗ್ಲಿಷ್ ಪದವನ್ನು ಎರಡು ತುಂಡು ಮಾಡಿ ಒಂದೊಂದು ತುಂಡಿಗೂ ಒಂದೊಂದು ಸಂಸ್ಕೃತ ಶಬ್ದವನ್ನು ಅಂಟಿಸಿದರೆ ಪದ ಹುಟ್ಟುತ್ತದೆಯೇ ಹೊರತು ಅರ್ಥ ಹುಟ್ಟುವುದಿಲ್ಲ. ಇನ್ನೊಬ್ಬರು ಕೊಟ್ಟ ‘ಅತಿವಿದ್ಯುತ್‌ಪೂರಕ’ವಂತೂ ಸ್ಪಷ್ಟವಾಗಿ ತಪ್ಪು. ಚಾರ್ಜ್ ಎಂದೊಡನೆ ವಿದ್ಯುತ್ತು ನೆನಪಾಗುವುದು ಮೊಬೈಲು ತಂದ ಅಭ್ಯಾಸ. ಟೆಸ್ಲಾ ಕಂಪನಿ 2012ರಲ್ಲಿ ತನ್ನ ವಿದ್ಯುತ್ ಕಾರುಗಳ ಚಾರ್ಜಿಂಗ್ ಕೇಂದ್ರಗಳಿಗೂ ಇದೇ ಹೆಸರನ್ನಿಟ್ಟ ಮೇಲೆ ಗೊಂದಲ ಇನ್ನಷ್ಟು ಹೆಚ್ಚಿದೆ. ಇಂಜಿನ್ನಿನ ಪರಿಭಾಷೆಯಲ್ಲಿ ಚಾರ್ಜ್ ಎಂದರೆ ಪ್ರತಿ ಆವರ್ತದಲ್ಲೂ ಸಿಲಿಂಡರಿನೊಳಗೆ ತುಂಬಿಕೊಳ್ಳುವ ಗಾಳಿ ಮತ್ತು ಇಂಧನದ ಪಾಲು. ಪಿಸ್ಟನ್ ಕೆಳಗಿಳಿದಾಗ ತಾನಾಗಿ ಎಳೆದುಕೊಳ್ಳುವಷ್ಟು ಗಾಳಿ ಸಾಲದು, ಅದಕ್ಕಿಂತ ಹೆಚ್ಚಿನ ಗಾಳಿಯನ್ನು ಒತ್ತಿ ತುಂಬಬೇಕು ಎಂಬುದಷ್ಟೇ ಈ ಯಂತ್ರದ ತಾತ್ಪರ್ಯ.

‘ಸಂಕೋಚಕ’ ಸಾಕಲ್ಲವೇ ಎಂದವರಿಗೂ ಉತ್ತರವಿದೆ. ಸೂಪರ್‌ಚಾರ್ಜರುಗಳಲ್ಲಿ ಬಹು ಹಳೆಯ ಬಗೆಯಾದ ರೂಟ್ಸ್ ಬ್ಲೋಯರ್ ತನ್ನೊಳಗೆ ಗಾಳಿಯನ್ನು ಸಂಕುಚಿಸುವುದೇ ಇಲ್ಲ. ಹಾಲೆಗಳುಳ್ಳ ಎರಡು ರೋಟರುಗಳು ಗಾಳಿಯನ್ನು ಬಾಚಿಕೊಂಡು ಹೋಗಿ, ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಯಾದ ಇನ್‌ಟೇಕ್ ಮ್ಯಾನಿಫೋಲ್ಡಿಗೆ ಸುರಿಯುತ್ತವೆ. ಇಂಜಿನ್ ಸೇದಿಕೊಳ್ಳುವುದಕ್ಕಿಂತ ಬೇಗ ಸುರಿಯುವುದರಿಂದ ಒತ್ತಡವು ಅಲ್ಲಿ, ಯಂತ್ರದ ಹೊರಗೆ, ಏರುತ್ತದೆ. ಅವಳಿ ತಿರುಪಿನ ಬಗೆಯಲ್ಲಿ ಮತ್ತು ಕೇಂದ್ರಾಪಗಾಮಿ ಬಗೆಯಲ್ಲಿ ಸಂಕೋಚನವು ಒಳಗೇ ಆಗುತ್ತದೆ, ನಿಜ. ಆದರೆ ಮೂರು ಬಗೆಗಳಲ್ಲಿ ಒಂದಕ್ಕೆ ಸಲ್ಲದ ಹೆಸರನ್ನು ಮೂರಕ್ಕೂ ಇಡುವುದು ಸರಿಯಲ್ಲ. ಗಾಳಿಯನ್ನು ಊದುವುದು ಮಾತ್ರ ಮೂರಕ್ಕೂ ಸಮಾನ.

ಈ ಕಾರಣದಿಂದಲೇ ನಾನು ‘ತಿದಿ’ಯನ್ನು ಒತ್ತಿ ಹೇಳುತ್ತಿದ್ದೇನೆ. ಅಮೆರಿಕದ ಇಂಡಿಯಾನಾದ ರೂಟ್ಸ್ ಸಹೋದರರು 1860ರಲ್ಲಿ ಪೇಟೆಂಟ್ ಪಡೆದ ಈ ಊದುಯಂತ್ರವು ಮೋಟಾರು ವಾಹನಗಳು ಬರುವುದಕ್ಕೆ ಎಷ್ಟೋ ಮೊದಲು ಕಬ್ಬಿಣದ ಕುಲುಮೆಗಳಿಗೆ ಗಾಳಿಯೂದುತ್ತಿತ್ತು. ಕುಲುಮೆಗೆ ಗಾಳಿಯೂದುವ ಸಾಧನಕ್ಕೆ ಕನ್ನಡದಲ್ಲಿ ಹೆಸರು ಬೇರೆ ಹುಡುಕಬೇಕೆ? ತಿದಿಯೊತ್ತಿದರೆ ಬೆಂಕಿಗೆ ಗಾಳಿ ಹೆಚ್ಚುತ್ತದೆ, ಗಾಳಿ ಹೆಚ್ಚಿದರೆ ಉರಿ ಹೆಚ್ಚುತ್ತದೆ. ಸಿಲಿಂಡರಿನಲ್ಲಿ ಆಗುವುದೂ ಅದೇ. ತೆಲುಗಿನಲ್ಲಿ ತಿತ್ತಿ, ತಮಿಳಿನಲ್ಲಿ ತುರುತ್ತಿ ಇವೆ. ತಿದಿ ಎಂಬುದು ಚರ್ಮದ ಚೀಲವೆಂಬ ಅರ್ಥದ ಸಂಸ್ಕೃತ ‘ದೃತಿ’ಯ ತದ್ಭವ ಎನ್ನುವವರಿದ್ದಾರೆ; ಹಾಗಿದ್ದರೂ ಪದದ ಕನ್ನಡತನಕ್ಕೆ ಕುಂದಿಲ್ಲ. ಟರ್ಬೋಚಾರ್ಜರ್ ಬಂದಲ್ಲಿ ‘ಹೊಗೆ ತಿದಿ’ ಎನ್ನಿ. ಸೂಪರ್‌ಚಾರ್ಜರನ್ನು ಇಂಜಿನ್ನಿನ ಮುಖ್ಯ ತಿರುಗು ದಂಡವಾದ ಕ್ರ್ಯಾಂಕ್‌ಶಾಫ್ಟಿನಿಂದ ಬರುವ ಬೆಲ್ಟು ತಿರುಗಿಸುತ್ತದೆ, ಟರ್ಬೋವನ್ನು ಸೈಲೆನ್ಸರಿನ ಕಡೆಗೆ ಹೋಗುವ ಬಿಸಿ ಹೊಗೆ ತಿರುಗಿಸುತ್ತದೆ. ಕಲಿಯುವ ಹುಡುಗನಿಗೆ ಮೊದಲು ತಿಳಿಯಬೇಕಾದ ವ್ಯತ್ಯಾಸ ಇದೇ, ಮತ್ತು ಅದು ಹೆಸರಿನಲ್ಲೇ ಸಿಗುತ್ತದೆ.

‘ಬೆಲ್ಟು ತಿದಿ’ ಅರಿಸಮಾಸ, ಅಂದರೆ ಬೇರೆ ಭಾಷೆಯ ಪದಕ್ಕೆ ಕನ್ನಡ ಪದ ಬೆರೆಸಿದ ಸಮಾಸ, ಎಂಬ ಆಕ್ಷೇಪ ಬರುವುದೆಂದು ಬಲ್ಲೆ. ‘ಶಬ್ದಮಣಿದರ್ಪಣ’ದ ವೈಯಾಕರಣ ಕೇಶಿರಾಜನು ಬಿರುದಾವಳಿಗಳಲ್ಲಿ ಅರಿಸಮಾಸಕ್ಕೆ ಎಡೆಗೊಟ್ಟನು, ತದ್ಭವಗಳಿಗಾಗಿ ಅಪಭ್ರಂಶ ಪ್ರಕರಣವನ್ನೇ ಬರೆದನು. ಹೊರಗಿನಿಂದ ಬಂದ ಪದ ಕನ್ನಡದ ಉಚ್ಚಾರಣೆಗೆ ಒಗ್ಗಿ, ವಿಭಕ್ತಿಯನ್ನು ಹೊತ್ತು ನಡೆದರೆ ಅದು ನಮ್ಮದಾಗುತ್ತದೆ. ಅಕ್ಕಿ ಗಿರಣಿಯಲ್ಲಿ ‘ಬೆಲ್ಟು ಹರಿಯಿತು, ಬೆಲ್ಟಿಗೆ ಮೇಣ ಹಚ್ಚು’ ಎನ್ನುವವನನ್ನು ತಿದ್ದಲು ಹೋಗುವುದು ವ್ಯರ್ಥ. ಇತ್ತ ‘ಎಲ್ಲವನ್ನೂ ಇಂಗ್ಲಿಷಿನಲ್ಲೇ ಬಿಟ್ಟುಬಿಡಿ, ಮೆಕ್ಯಾನಿಕರಿಗೆ ಕನ್ನಡ ಬೇಕಿಲ್ಲ’ ಎಂದವರ ಮಾತನ್ನೂ ನಾನು ಒಪ್ಪಲಾರೆ. ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಬಿಡಿಭಾಗವನ್ನು ಕೇಳಿ ಪಡೆಯಲು ಇಂಗ್ಲಿಷ್ ಹೆಸರು ಬೇಕು. ಅದು ಏಕೆ ಕೆಟ್ಟಿತೆಂದು ಯೋಚಿಸಲು ತನ್ನ ಭಾಷೆ ಬೇಕು. ಎರಡನ್ನೂ ಕೊಡಬೇಕಾದದ್ದು ಅನುವಾದಕರ ಹೊಣೆ.

ಇನ್ನುಳಿದ ಪದಗಳು. ಬರಿಯ ‘ಪಿಕಪ್’ ಎಂದು ಎಲ್ಲಿಯೂ ಬರೆಯಬೇಡಿ. ಬೆಂಗಳೂರಿನಲ್ಲಿ ‘ಗಾಡಿಗೆ ಪಿಕಪ್ ಇಲ್ಲ’ ಎಂದರೆ ವೇಗ ಏರುತ್ತಿಲ್ಲವೆಂದು ಅರ್ಥ. ‘ಪಿಕಪ್ ಹೆಚ್ಚಿಸುವ ವಿಧಾನ’ ಎಂಬ ತಲೆಬರಹವನ್ನು ಓದುಗನು ಬೇರೆಯೇ ಬಗೆಯಲ್ಲಿ ಓದುತ್ತಾನೆ. ‘ಪಿಕಪ್ ಟ್ರಕ್’ ಎಂದು ಪೂರ್ತಿ ಬರೆಯಿರಿ. ಆಫ್ಟರ್‌ಮಾರ್ಕೆಟ್‌ಗೆ (ವಾಹನ ಕೊಂಡ ಮೇಲೆ ಬೇರೆ ತಯಾರಕರಿಂದ ತಂದು ಕೂರಿಸುವ ಭಾಗಕ್ಕೆ) ‘ಮಾರುಕಟ್ಟೆಯ ನಂತರದ’ ಎನ್ನುವುದು ಅರ್ಥಹೀನ, ‘ಲೋಕಲ್’ ಎನ್ನುವುದು ಅನ್ಯಾಯ, ಏಕೆಂದರೆ ಇಂತಹ ಕಿಟ್ಟುಗಳು ನಕಲಿಯೂ ಅಲ್ಲ, ಕಳಪೆಯೂ ಅಲ್ಲ. ‘ಕಂಪನಿ ಫಿಟಿಂಗ್ ಅಲ್ಲದ’ ಎಂದರೆ ಗ್ಯಾರೇಜಿನವರಿಗೆ ಒಡನೆ ತಿಳಿಯುತ್ತದೆ. ಗ್ರಾಂಥಿಕವಾಗಿ ಬೇಕಿದ್ದರೆ ‘ಬೇರೆ ತಯಾರಕರ’ ಎನ್ನಬಹುದು.

ಬೂಸ್ಟ್, ಅಂದರೆ ಸೂಪರ್‌ಚಾರ್ಜರ್ ಏರಿಸುವ ಒತ್ತಡ, ಎಂಬಲ್ಲಿ ಎಚ್ಚರ ಬೇಕು. ಅದನ್ನು ಬರಿದೆ ‘ಗಾಳಿಯ ಒತ್ತಡ’ ಎಂದರೆ ತಪ್ಪಾಗುತ್ತದೆ. ಬೂಸ್ಟ್ 8 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಎಂದರೆ ಹೊರಗಿನ ಗಾಳಿಯ ಒತ್ತಡಕ್ಕಿಂತ 8 ಹೆಚ್ಚು ಎಂದರ್ಥ. ಸಮುದ್ರಮಟ್ಟದಲ್ಲಿ ಹೊರಗಿನ ಒತ್ತಡವು 14.7 ಪಿಎಸ್‌ಐ, 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಅದು ಸುಮಾರು ಹತ್ತನೇ ಒಂದು ಪಾಲು ಕಡಿಮೆ. ‘ಹೆಚ್ಚುವರಿ ಒತ್ತಡ’ ಎಂದು ಬರೆದರೆ ಲೆಕ್ಕ ತಪ್ಪುವುದಿಲ್ಲ. ನಾಕಿಂಗ್, ಇಂಟರ್‌ಕೂಲರ್, ಇಂಜೆಕ್ಟರ್ ಇವುಗಳನ್ನು ಮುಟ್ಟಬೇಡಿ.

ಕೊನೆಯದಾಗಿ, ಈ ಕಿಟ್ ‘50 ರಾಜ್ಯಗಳಲ್ಲಿ ಕಾನೂನುಬದ್ಧ’ ಎಂಬ ಸಾಲು ಮೂಲದಲ್ಲಿದ್ದರೆ, ‘ಅಮೆರಿಕದ’ ಎಂಬ ಪದವನ್ನು ಸೇರಿಸದೆ ಅದನ್ನು ಅನುವಾದಿಸಬಾರದು. ಅದು ಅಲ್ಲಿನ ಹೊಗೆ ನಿಯಮಗಳಿಗೆ ಸಂಬಂಧಿಸಿದ ಮಾತು. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮು, ತಯಾರಕರು ಮೂಲತಃ ನಮೂದಿಸಿದ ವಿವರಗಳಿಗಿಂತ ನೋಂದಣಿ ಪತ್ರದ ವಿವರಗಳು ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಆ ಕಲಮನ್ನು ಅನುವಾದಕರ ಟಿಪ್ಪಣಿಯಾಗಿ ಅದೇ ಪುಟದಲ್ಲಿ, ಅದೇ ಅಕ್ಷರದ ಗಾತ್ರದಲ್ಲಿ ಅಚ್ಚು ಹಾಕಿಸಿ.