ಐಇಎಲ್‌ಟಿಎಸ್ ಲಿಸನಿಂಗ್: ದಿನವೂ ಅಭ್ಯಾಸ ಮಾಡಿದರೂ 6.5 ದಾಟುತ್ತಿಲ್ಲ, ದಾರಿ ತಿಳಿಸಿ

ಪ್ರಶ್ನೆ – ಹಾಸನದ_ನರ್ಸ್

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆರು ವರ್ಷಗಳಿಂದ ಸ್ಟಾಫ್ ನರ್ಸ್ ಆಗಿದ್ದೇನೆ. ಬ್ರಿಟನ್ನಿನಲ್ಲಿ ನೋಂದಣಿ ಮಾಡಿಸಿಕೊಳ್ಳಬೇಕಾದರೆ ಅಲ್ಲಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್ ಐಇಎಲ್‌ಟಿಎಸ್ ಅಕಾಡೆಮಿಕ್ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆಯ ಲಿಸನಿಂಗ್, ರೀಡಿಂಗ್ ಮತ್ತು ಸ್ಪೀಕಿಂಗ್‌ನಲ್ಲಿ 7, ರೈಟಿಂಗ್‌ನಲ್ಲಿ 6.5 ಬ್ಯಾಂಡ್ (ಅಂಕಮಟ್ಟ) ಕೇಳುತ್ತದೆ. ಉಳಿದ ಮೂರೂ ನನಗೆ ಬಂದಿವೆ. ಲಿಸನಿಂಗ್ ಮಾತ್ರ ಎರಡು ಬಾರಿಯೂ 6.5ಕ್ಕೆ ನಿಂತಿತು.

ಮೂರು ತಿಂಗಳಿಂದ, ರಾತ್ರಿ ಪಾಳಿ ಇರುವ ದಿನಗಳನ್ನು ಬಿಟ್ಟು, ದಿನಕ್ಕೊಂದು ಪೂರ್ಣ ಮಾಕ್ ಟೆಸ್ಟ್ ಮಾಡುತ್ತಿದ್ದೇನೆ. 40 ಪ್ರಶ್ನೆಗಳಲ್ಲಿ 26 ಅಥವಾ 27 ಸರಿಯಾಗುತ್ತವೆ, ಅದಕ್ಕಿಂತ ಮೇಲೇರುವುದಿಲ್ಲ. ಮೊದಲ ಭಾಗದಲ್ಲಿ ಹೆಸರಿನ ಅಕ್ಷರಗಳನ್ನು ಹೇಳುವಾಗ ಎಡವುತ್ತೇನೆ. ಮೂರನೆಯ ಭಾಗದಲ್ಲಿ ಇಬ್ಬರು ಮೂವರು ಚರ್ಚಿಸುವಾಗ ಒಂದು ಉತ್ತರ ತಪ್ಪಿದರೆ, ಅದನ್ನೇ ಯೋಚಿಸುತ್ತಾ ಮುಂದಿನ ಎರಡನ್ನೂ ಕಳೆದುಕೊಳ್ಳುತ್ತೇನೆ. ಹತ್ತನೆಯ ತರಗತಿಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಓದಿದ ಇಂಗ್ಲಿಷ್ ಅರ್ಥವಾಗುತ್ತದೆ, ಕೇಳಿದ್ದು ಕೈಗೆ ಸಿಗುವುದಿಲ್ಲ. ಅಭ್ಯಾಸದ ಕ್ರಮವೇ ತಪ್ಪಿದೆಯೇ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ – ಮೈಸೂರಿನ_ಶಿಕ್ಷಕ

ನಿಮ್ಮ ಶ್ರಮದಲ್ಲಿ ಕೊರತೆಯಿಲ್ಲ, ಕ್ರಮದಲ್ಲಿ ಇದೆ ಎಂದು ನನಗೆ ತೋರುತ್ತದೆ. ಮಾಕ್ ಟೆಸ್ಟ್ ನೀವು ಎಲ್ಲಿದ್ದೀರಿ ಎಂದು ಅಳೆಯುತ್ತದೆ. ಅಷ್ಟರಿಂದಲೇ ಕಿವಿ ಪಳಗುವುದಿಲ್ಲ. ದಿನವೂ ತೂಕ ನೋಡಿಕೊಂಡ ಮಾತ್ರಕ್ಕೆ ತೂಕ ಇಳಿಯುವುದಿಲ್ಲ ಎಂಬುದು ನರ್ಸ್ ಆದ ನಿಮಗೆ ನಾನು ಹೇಳಬೇಕಾದ ಮಾತಲ್ಲ. ಸುಮಾರು 30 ಸರಿಯುತ್ತರಗಳಿಗೆ 7 ಬ್ಯಾಂಡ್ ಬರುತ್ತದೆ. ಅಂದರೆ ನಿಮಗೆ ಬೇಕಿರುವುದು ಇನ್ನು ಮೂರೋ ನಾಲ್ಕೋ ಉತ್ತರಗಳು.

ವಾರಕ್ಕೆ ಒಂದೇ ಟೆಸ್ಟ್ ಮಾಡಿ, ಉಳಿದ ದಿನಗಳನ್ನು ಅದರ ತಪ್ಪುಗಳಿಗೆ ಕೊಡಿ. ತಪ್ಪಿದ ಪ್ರತಿಯೊಂದು ಉತ್ತರದ ಮುಂದೆ ಕಾರಣ ಬರೆಯಿರಿ: ಆ ಪದ ಕಿವಿಗೇ ಬೀಳಲಿಲ್ಲವೇ, ಬಿದ್ದರೂ ಅರ್ಥವಾಗಲಿಲ್ಲವೇ, ಅರ್ಥವಾಗಿಯೂ ಕಾಗುಣಿತ ತಪ್ಪಿತೇ, ಅಥವಾ ಎರಡು ಪದಗಳ ಮಿತಿ ಇದ್ದಲ್ಲಿ ಮೂರು ಬರೆದಿರೇ? ಕೊನೆಯ ಎರಡು ಬಗೆಯ ತಪ್ಪುಗಳು ಒಂದೆರಡು ವಾರಗಳ ಎಚ್ಚರದಿಂದ ಹೋಗುತ್ತವೆ. ಮೊದಲನೆಯದಕ್ಕೆ ನಾನು ಕಂಡ ಮದ್ದು ಉಕ್ತಲೇಖನ. ಒಂದು ನಿಮಿಷದ ಆಡಿಯೋವನ್ನು ವಾಕ್ಯವಾಕ್ಯವಾಗಿ ನಿಲ್ಲಿಸಿ, ಕೇಳಿದ್ದನ್ನೆಲ್ಲ ಬರೆದು, ಆಮೇಲೆ ಆಡಿಯೋದ ಬರಹರೂಪದ (ಟ್ರಾನ್ಸ್‌ಕ್ರಿಪ್ಟ್) ಜೊತೆ ಹೋಲಿಸಿ ನೋಡಿ. ಬಿಟ್ಟುಹೋದ ಪದ ಕಂಡ ಮೇಲೆ ಆ ವಾಕ್ಯವನ್ನು ಮತ್ತೆ ಕೇಳಿ, ಅದೇ ವೇಗದಲ್ಲಿ ನೀವೂ ಹೇಳಿ. ಒಂದು ನಿಮಿಷಕ್ಕೆ ಅರ್ಧ ಗಂಟೆ ಹಿಡಿಯಬಹುದು, ಬೇಸರಪಡಬೇಡಿ.

ಮೂರನೆಯ ಭಾಗದ ವಿಷಯ ಬೇರೆ. ಅಲ್ಲಿ ಪ್ರಶ್ನೆಯಲ್ಲಿರುವ ಪದವೇ ಆಡಿಯೋದಲ್ಲಿ ಬರುವುದು ಅಪರೂಪ. ಪ್ರಶ್ನೆ ‘ಕಾಸ್ಟ್’ ಎಂದರೆ ಮಾತನಾಡುವವರು ‘ಫೀ’ ಎನ್ನಬಹುದು. ಒಬ್ಬರು ಸೂಚಿಸಿದ್ದನ್ನು ಇನ್ನೊಬ್ಬರು ನಯವಾಗಿ ತಳ್ಳಿಹಾಕುತ್ತಾರೆ, ಉತ್ತರ ಇರುವುದು ಕೊನೆಗೆ ಒಪ್ಪಿಕೊಂಡದ್ದರಲ್ಲಿ. ಆದ್ದರಿಂದ ‘ಆದರೆ’, ‘ವಾಸ್ತವವಾಗಿ’ ಎಂಬರ್ಥದ ಇಂಗ್ಲಿಷ್ ಪದ ಕೇಳಿದ ಕೂಡಲೇ ಎಚ್ಚರವಾಗಿರಿ. ಉತ್ತರಗಳು ಪ್ರಶ್ನೆಗಳ ಕ್ರಮದಲ್ಲಿಯೇ ಬರುವುದರಿಂದ, ಕಣ್ಣು ಯಾವಾಗಲೂ ಈಗಿನ ಪ್ರಶ್ನೆಯ ಜೊತೆಗೆ ಮುಂದಿನದರ ಮೇಲೂ ಇರಲಿ. ಮುಂದಿನದರ ವಿಷಯ ಶುರುವಾಯಿತೆಂದರೆ ಹಿಂದಿನದು ಹೋಯಿತೆಂದೇ ತಿಳಿದು, ಏನಾದರೊಂದು ಬರೆದು ಮುಂದೆ ಸಾಗಿ. ತಪ್ಪುತ್ತರಕ್ಕೆ ಅಂಕ ಕಳೆಯುವುದಿಲ್ಲ.

ಉತ್ತರ – ಉಡುಪಿಯಿಂದ_ಲೀಡ್ಸ್‌ಗೆ

ನಾನೂ ಕನ್ನಡ ಮಾಧ್ಯಮದಲ್ಲೇ ಓದಿದವಳು, ನಾಲ್ಕು ವರ್ಷಗಳಿಂದ ಇಲ್ಲಿ ಬ್ರಿಟನ್ನಿನ ಲೀಡ್ಸ್‌ನಲ್ಲಿ ಆಸ್ಪತ್ರೆಯ ವಾರ್ಡ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. ಶಿಕ್ಷಕರು ಹೇಳಿದ್ದಕ್ಕೆ ನಮ್ಮ ಕಿವಿಯ ಸ್ವಭಾವದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಕನ್ನಡದ ಪದಗಳು ಬಹುಮಟ್ಟಿಗೆ ಸ್ವರದಲ್ಲಿ ಕೊನೆಯಾಗುತ್ತವೆ. ಬಸ್ ನಮ್ಮ ಬಾಯಲ್ಲಿ ಬಸ್ಸಾಗುತ್ತದೆ, ಕಾರ್ ಕಾರಾಗಿ ಉಳಿಯದೆ ಕಾರು ಆಗುತ್ತದೆ. ಇಂಗ್ಲಿಷಿನವರು ಪದದ ತುದಿಯ ವ್ಯಂಜನವನ್ನು ನುಂಗಿಬಿಡುತ್ತಾರೆ. ‘ಲಾಸ್ಟ್ ವೀಕ್’ ಎಂಬುದು ‘ಲಾಸ್ ವೀಕ್’ ಎಂದೇ ಕೇಳಿಸುತ್ತದೆ. ಬಹುವಚನದ ‘ಸ್’ ಕೂಡ ಹೀಗೆಯೇ ಜಾರಿಹೋಗುತ್ತದೆ, ‘ಟಿಕೆಟ್ಸ್’ ಇದ್ದಲ್ಲಿ ‘ಟಿಕೆಟ್’ ಎಂದು ಬರೆದರೆ ಆ ಅಂಕ ಹೋಯಿತು. ನನ್ನ ಮೊದಲ ಪ್ರಯತ್ನದಲ್ಲಿ ನಾನು ಕಳೆದುಕೊಂಡ ಅಂಕಗಳಲ್ಲಿ ಬಹುಪಾಲು ಈ ತುದಿಗಳಲ್ಲೇ ಇದ್ದವು ಎಂದು ಉಕ್ತಲೇಖನ ಮಾಡಿದಾಗ ತಿಳಿಯಿತು.

ಅಕ್ಷರಗಳ ವಿಷಯ: ಬ್ರಿಟಿಷರು ‘ಆರ್’ ಅಕ್ಷರವನ್ನು ಹೇಳುವಾಗ ನಮಗೆ ಬರೀ ‘ಆ’ ಕೇಳಿಸುತ್ತದೆ. ಆಸ್ಟ್ರೇಲಿಯಾದವರ ‘ಎ’ ಅಕ್ಷರ ‘ಐ’ ಎಂಬಂತೆ ಕೇಳುತ್ತದೆ. ಪರೀಕ್ಷೆಯಲ್ಲಿ ಈ ಎರಡೂ ಉಚ್ಚಾರಗಳಲ್ಲದೆ ನ್ಯೂಜಿಲೆಂಡ್, ಅಮೆರಿಕ, ಕೆನಡಾದವರ ಉಚ್ಚಾರವೂ ಬರುತ್ತದೆ. ಸೊನ್ನೆಗೆ ‘ಓ’ ಎನ್ನುತ್ತಾರೆ, ಎರಡು ನಾಲ್ಕುಗಳಿಗೆ ‘ಡಬಲ್ ಫೋರ್’ ಎನ್ನುತ್ತಾರೆ. 15 ಮತ್ತು 50ರ ನಡುವೆ ವ್ಯತ್ಯಾಸ ತಿಳಿಯುವುದು ಒತ್ತು ಎಲ್ಲಿ ಬಿತ್ತು ಎಂಬುದರಿಂದ: ‘ಫಿಫ್ಟಿ’ಯಲ್ಲಿ ಮೊದಲ ಭಾಗದ ಮೇಲೆ, ‘ಫಿಫ್ಟೀನ್’ನಲ್ಲಿ ಸಾಮಾನ್ಯವಾಗಿ ಕೊನೆಯ ಭಾಗದ ಮೇಲೆ. ತಂಗಿ, ಇದನ್ನು ಬರೀ ಪರೀಕ್ಷೆಗೆಂದು ಕಲಿಯಬೇಡ. ಇಲ್ಲಿ ಪಾಳಿ ಬದಲಾಗುವಾಗ ಹ್ಯಾಂಡೋವರ್‌ನಲ್ಲಿ 15 ಮಿಲಿಗ್ರಾಂ ಎಂದರೋ 50 ಎಂದರೋ ಎಂಬ ಅನುಮಾನ ಬಂದರೆ ನಾನು ಈಗಲೂ ನಿಲ್ಲಿಸಿ ಕೇಳುತ್ತೇನೆ, ಚಾರ್ಟ್ ನೋಡುತ್ತೇನೆ.

ಕೌನ್ಸಿಲ್ ಓಇಟಿ ಎಂಬ, ಆರೋಗ್ಯ ಕ್ಷೇತ್ರದವರಿಗಾಗಿಯೇ ಇರುವ ಇಂಗ್ಲಿಷ್ ಪರೀಕ್ಷೆಯನ್ನೂ ಒಪ್ಪುತ್ತದೆ. ಅದರ ಲಿಸನಿಂಗ್‌ನಲ್ಲಿ 42 ಪ್ರಶ್ನೆಗಳು, ಮೊದಲ 24 ರೋಗಿಯ ಜೊತೆಗಿನ ಸಮಾಲೋಚನೆಯನ್ನು ಕೇಳಿ ನೋಟ್ಸ್ ತುಂಬಿಸುವುದಕ್ಕೆ. ವಿಷಯ ಪರಿಚಿತ ಎಂಬ ಅನುಕೂಲ ಇದೆ. ಆದರೆ ಮೂರು ನಾಲ್ಕು ಅಂಕಗಳ ಅಂತರದಲ್ಲಿರುವವರು ಪರೀಕ್ಷೆಯನ್ನೇ ಬದಲಾಯಿಸುವುದು ಅಗತ್ಯವೆಂದು ನನಗನ್ನಿಸುವುದಿಲ್ಲ.

ಮರುಪ್ರತಿಕ್ರಿಯೆ – ಹಾಸನದ_ನರ್ಸ್

ಇಬ್ಬರಿಗೂ ಮನಸಾರೆ ಕೃತಜ್ಞತೆಗಳು. ಅಕ್ಕ, ನಿಮ್ಮ ಮಾತು ಓದಿದ ದಿನವೇ ಹಳೆಯ ಐದು ಟೆಸ್ಟ್‌ಗಳ ತಪ್ಪುಗಳನ್ನು ತೆಗೆದು ಕಾರಣ ಬರೆದೆ. ಒಟ್ಟು 67 ತಪ್ಪುಗಳಲ್ಲಿ 19 ಬರೀ ಕಾಗುಣಿತ ಮತ್ತು ‘ಸ್’ ಬಿಟ್ಟದ್ದು. ಮೂರು ತಿಂಗಳು ಇದನ್ನು ನಾನು ನೋಡಿಯೇ ಇರಲಿಲ್ಲ. ಒಂದು ಸಂದೇಹ ಉಳಿದಿದೆ: ಕೊನೆಯಲ್ಲಿ ಉತ್ತರಗಳನ್ನು ಬರೆದುಕೊಳ್ಳಲು ಹತ್ತು ನಿಮಿಷ ಸಿಗುತ್ತದೆ, ಕಾಗುಣಿತವನ್ನು ಆಗ ನೋಡಿಕೊಳ್ಳಬಹುದು ಎಂದು ಸ್ನೇಹಿತೆ ಹೇಳುತ್ತಾಳೆ. ನಾನು ಕಟ್ಟಿರುವುದು ಕಂಪ್ಯೂಟರ್ ಪರೀಕ್ಷೆಗೆ.

ಉತ್ತರ – ಮೈಸೂರಿನ_ಶಿಕ್ಷಕ

ಆ ಹತ್ತು ನಿಮಿಷ ಕಾಗದದ ಪರೀಕ್ಷೆಯದು. ಕಂಪ್ಯೂಟರ್ ಪರೀಕ್ಷೆಯಲ್ಲಿ ಕೇಳುತ್ತಲೇ ಟೈಪ್ ಮಾಡಬೇಕು, ಕೊನೆಗೆ ಸಿಗುವುದು ಎರಡೇ ನಿಮಿಷ. ಹಾಗಾಗಿ ಮನೆಯಲ್ಲೂ ಕಾಗದ ಬಿಟ್ಟು ಕೀಲಿಮಣೆಯಲ್ಲೇ ಅಭ್ಯಾಸ ಮಾಡಿ. ಆ ಎರಡು ನಿಮಿಷಗಳಲ್ಲಿ ಮೊದಲು ಖಾಲಿ ಬಿಟ್ಟ ಜಾಗಗಳನ್ನು ತುಂಬಿ, ಆಮೇಲೆ ಆ ‘ಸ್’ಗಳನ್ನು ನೋಡಿ.